ಬೆಂಡಿಗೋಗೆ ಹೊರಟವನ ಭಯ ಯಾಕೆ ಸಪ್ಪೆ?
1852ರಲ್ಲಿ ಚಿನ್ನ ಅಗೆಯಲು ಆಸ್ಟ್ರೇಲಿಯಾದ ಬೆಂಡಿಗೋಗೆ ಹೊರಡುವ ನಿಮ್ಮ ಕಥಾನಾಯಕನ ಭಯ ಸಪ್ಪೆಯಾಗಿದೆ ಅಂದಿರಿ. ಅವನು ಬರೀ ಕಳ್ಳರಿಗೆ ಹೆದರುತ್ತಿದ್ದಾನೆ, ಅದೇ ಕಾರಣ ಇರಬೇಕು. ನನ್ನ ನಾಟಕದಲ್ಲೂ ಹೀಗೇ ಆಗಿತ್ತು.

ಮೊದಲು ದಾರಿ ಬರೆಯಿರಿ. ಮೆಲ್ಬರ್ನ್ ಬಿಟ್ಟ ಮೇಲೆ ಬ್ಲ್ಯಾಕ್ ಫಾರೆಸ್ಟ್ ಕಾಡಲ್ಲಿ ದರೋಡೆಕೋರರ ಕಾಟ ನಿಜ. ಮೆಲ್ಬರ್ನ್ ಪೊಲೀಸರಲ್ಲೇ ಹೆಚ್ಚಿನವರು ಕೆಲಸ ಬಿಟ್ಟು ಚಿನ್ನ ಅಗೆಯಲು ಓಡಿದ್ದರು!

ಆಮೇಲೆ ಚಿನ್ನ ಅಗೆಯಲು ಬೇಕಿದ್ದ ಲೈಸೆನ್ಸ್ ವಿಷಯ ತನ್ನಿ. ತಿಂಗಳಿಗೆ 30 ಶಿಲಿಂಗ್, ಚಿನ್ನ ಸಿಗಲಿ ಬಿಡಲಿ. ಲೈಸೆನ್ಸ್ ಇಲ್ಲದವರಿಗೆ ಹಾಕುವ ದಂಡದಲ್ಲಿ ಅರ್ಧ, ಹಿಡಿದ ಪೊಲೀಸನಿಗೇ ಸಿಗುತ್ತಿತ್ತು. ಕಳ್ಳನಿಗಿಂತ ಈ ಪೊಲೀಸನ ಭಯವೇ ಜಾಸ್ತಿ, ಅಲ್ವಾ?

ಕೊನೆಗೆ ರಾತ್ರಿ. ಡೇರೆಗಳಲ್ಲಿ ಬಂದೂಕು ಹಾರಿಸಿ, ಮತ್ತೆ ಮದ್ದು ತುಂಬಿಟ್ಟು ಮಲಗುತ್ತಿದ್ದರು. ಸಿಕ್ಕ ಚಿನ್ನವನ್ನು ಸರ್ಕಾರಿ ಬೆಂಗಾವಲಿನಲ್ಲಿ ಮೆಲ್ಬರ್ನ್‌ಗೆ ಕಳಿಸಬಹುದಿತ್ತು. ನಾಯಕ ಅದನ್ನು ನಂಬುತ್ತಾನೋ ಇಲ್ಲವೋ, ಕಥೆ ಪೂರ್ತಿ ಓದದೆ ನಾನು ಹೇಳಲಾರೆ. ಅವನು ಅದನ್ನು ನಿರ್ಧರಿಸುವ ದೃಶ್ಯವನ್ನು ಬರೆದು ನೋಡಿ.