ಸಲಹೆ ಕೊಡುವವರ ಕೈಗೆ ಒಂದೊಂದು ಕೆಲಸ ಕೊಡಿ

ಪ್ರಶ್ನೆ: ನನಗೆ 27 ವರ್ಷ. ತೀರ್ಥಹಳ್ಳಿ ಹತ್ತಿರದ ತೋಟದ ಮನೆಗೆ ಸೊಸೆಯಾಗಿ ಬಂದವಳು. ತವರಿನಲ್ಲಿ ಅಮ್ಮನಿಗೆ ಮಂಡಿನೋವು ಜೋರಾಗಿದ್ದರಿಂದ ಬಾಣಂತನ ಅರ್ಧಕ್ಕೇ ಮುಗಿಸಿ, ಎರಡು ತಿಂಗಳ ಮಗುವಿನ ಜೊತೆ ಇಲ್ಲಿಗೆ ಬಂದಿದ್ದೇನೆ. ಹಿಡಿದ ಮಳೆ ಬಿಟ್ಟಿಲ್ಲ, ಮಗುವಿನ ಬಟ್ಟೆ ಒಂದೂ ಒಣಗುವುದಿಲ್ಲ. ರಾತ್ರಿ ಎರಡು ಗಂಟೆ ಒಟ್ಟಿಗೆ ನಿದ್ದೆಯಿಲ್ಲ. ಡೈಪರ್ ಹಾಕಿದರೆ ಅತ್ತೆಗೆ ಸಿಟ್ಟು, ‘ನಾವು ಮೂರು ಹೆತ್ತು ಸಾಕಲಿಲ್ವಾ’ ಅಂತಾರೆ. ಪಕ್ಕದ ಮನೆ ಅಜ್ಜಿ ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸು ಅಂತಾರೆ. ಇವರು ದಿನಾ ಶಿವಮೊಗ್ಗಕ್ಕೆ ಕೆಲಸಕ್ಕೆ ಹೋಗಿ ಬರುವವರು, ಬಂದವರೇ ಉಂಡು ಮಲಗುತ್ತಾರೆ. ಬಚ್ಚಲಿಗೆ ಹೋದಾಗ ಮಾತ್ರ ಅಳಲಿಕ್ಕೆ ಪುರುಸೊತ್ತು. ನಾನು ತಾಯಿಯಾಗಲು ಲಾಯಕ್ಕಿಲ್ಲವೇ?
— ಹೆಸರು ಬೇಡ

ಉತ್ತರ: ನಿಮ್ಮ ಪತ್ರದಲ್ಲಿ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ, ಮಗು ಎತ್ತಿಕೊಳ್ಳುವವರು ನೀವೊಬ್ಬರೇ. ಲಾಯಕ್ಕು ನಾಲಾಯಕ್ಕಿನ ಮಾತು ಬಿಡಿ, ನಿಮಗೆ ಕೊರತೆಯಾಗಿರುವುದು ಕೈಗಳು.

ಅತ್ತೆಯ ಕಡೆಯಿಂದಲೂ ಸ್ವಲ್ಪ ನೋಡಿ. ಈಗ ಮಳೆಗಾಲ, ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ಹೊತ್ತು. ಆಳುಗಳ ಕಾಫಿ ತಿಂಡಿ, ಕೊಟ್ಟಿಗೆ, ಒದ್ದೆ ಸೌದೆ ಊದಿ ಊದಿ ಹೊತ್ತಿಸುವ ಒಲೆ, ಎಲ್ಲ ಅವರ ತಲೆ ಮೇಲಿದೆ. ಆ ಸಿಡುಕಿನಲ್ಲಿ ಅರ್ಧ ಸುಸ್ತು ಇರಬಹುದು. ಹಾಗಂತ ಸಹಿಸಿಕೊಂಡಿರಿ ಅನ್ನುತ್ತಿಲ್ಲ. ಅವರಿಗೆ ಚೆನ್ನಾಗಿ ಬರುವ ಒಂದು ಕೆಲಸವನ್ನು ಪೂರ್ತಿ ಬಿಟ್ಟುಕೊಡಿ: ಮಗುವಿಗೆ ಎಣ್ಣೆ ಹಚ್ಚಿ ಎರೆಯುವುದು. ಮೂರು ಮಕ್ಕಳನ್ನು ಸಾಕಿದ ಕೈ ಅದು, ಆ ಕೆಲಸದಲ್ಲಿ ಅವರಿಗೆ ಖುಷಿಯೂ ಇದೆ. ನೀರಿನ ಬಿಸಿಯನ್ನು ಮೊಣಕೈಯಲ್ಲಿ ನೋಡಲಿ, ಮೂಗಿಗೆ ಕಿವಿಗೆ ಎಣ್ಣೆ ಬಿಡುವುದು ಬೇಡ, ಇಷ್ಟು ಮಾತ್ರ ಕೇಳಿಕೊಳ್ಳಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಮಿಂದ ಮಗು ಹಾಲು ಕುಡಿದು ಗಡದ್ದಾಗಿ ಮಲಗುತ್ತದಲ್ಲ, ಆಗ ನೀವೂ ಮಲಗಬೇಕು. ಬಟ್ಟೆ ಮಡಚಲು ಕೂತಿರೋ, ಕೆಟ್ಟಿರಿ.

ಬಟ್ಟೆಯದು ನಿಜಕ್ಕೂ ದೊಡ್ಡ ತಲೆನೋವು. ಪುನರ್ವಸು, ಪುಷ್ಯ ಮಳೆಯಲ್ಲಿ ನಮ್ಮ ಕಡೆ ದೊಡ್ಡವರ ಬಟ್ಟೆಯೇ ಮೂರು ದಿನಕ್ಕೆ ಒಣಗುವುದಿಲ್ಲ. ಹಳೇ ಹತ್ತಿ ಪಂಚೆ ಹರಿದು ತೆಳ್ಳಗಿನ ತುಂಡು ಇಪ್ಪತ್ತೈದು ಮೂವತ್ತು ಮಾಡಿಕೊಳ್ಳಿ. ದಪ್ಪ ಹೊಲಿಗೆಯವು ಅಂದವಾಗಿರುತ್ತವೆ, ಒಣಗುವುದಿಲ್ಲ. ಒಗೆದ ತುಂಡನ್ನು ಒಣ ಟವೆಲ್ಲಿನೊಳಗೆ ಸುತ್ತಿ ತಿರುಚಿದರೆ ಅರ್ಧ ನೀರು ಅದೇ ಎಳೆದುಕೊಳ್ಳುತ್ತದೆ. ಆಮೇಲೆ ಹಂಡೆ ಒಲೆಯ ಬಿಸಿ ತಾಗುವ ಕಡೆ ಹಗ್ಗ ಕಟ್ಟಿ ಹರಡಿ, ಹೊಗೆ ನೇರ ಬಡಿಯುವಲ್ಲಿ ಬೇಡ. ಕರೆಂಟು ಇದ್ದಾಗ ಇಸ್ತ್ರಿ ಹಾಕಿ. ತೇವ ಉಳಿದ ಬಟ್ಟೆ ಕಟ್ಟಿದರೆ ತೊಡೆಸಂದಿ ಕೆಂಪಾಗಿ ಬೂಸ್ಟಿನ ಸೋಂಕು ಹತ್ತುತ್ತದೆ. ಕೆಂಡದ ಮೇಲೆ ಬುಟ್ಟಿ ಕವುಚಿ ಬಟ್ಟೆ ಒಣಗಿಸುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಅದು ಮಗು ಮಲಗುವ ಕೋಣೆಯಲ್ಲಿ ಬೇಡವೇ ಬೇಡ. ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡ ಬಿಡುವ ವಿಷಗಾಳಿಗೆ ವಾಸನೆಯೂ ಇಲ್ಲ, ಜೀವ ತೆಗೆಯುತ್ತದೆ.

ಇನ್ನು ಡೈಪರ್. ಹಗಲು ಬಟ್ಟೆ, ರಾತ್ರಿ ಡೈಪರ್ ಅಂತ ರಾಜಿ ಮಾಡಿಕೊಳ್ಳಿ. ಉಚ್ಚೆಯ ಒದ್ದೆಗೇ ಎದ್ದು ಅಳುವುದು ಕಮ್ಮಿಯಾಗುತ್ತದೆ. ಕಕ್ಕ ಮಾಡಿದರೆ ಮಾತ್ರ ತಡಮಾಡದೆ ಬದಲಿಸಿ. ಹಾಲಿಗೆ ಏಳುವುದು ಹೇಗೂ ತಪ್ಪುವುದಿಲ್ಲ. ಈ ವಯಸ್ಸಿಗೆ ದಿನಕ್ಕೆ 8ರಿಂದ 12 ಸಲ ಹಾಲು ಕೇಳುವುದು ಸಹಜ. ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ‘ಹಾಲು ಸಾಲುವುದಿಲ್ಲ’ ಅನ್ನುವವರ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಿ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ ಅನ್ನುವುದೂ ಅದೇ ಸಾಲಿನದು. ಫ್ಲಾಸ್ಕಿನಲ್ಲಿ ಬಿಸಿನೀರು ಪಕ್ಕದಲ್ಲೇ ಇರಲಿ.

ಎಲ್ಲದಕ್ಕೂ ಜಗಳ ಆಡಿದರೆ ಯಾವುದೂ ಗೆಲ್ಲುವುದಿಲ್ಲ. ಜೇನುತುಪ್ಪ, ಕಣ್ಣಿಗೆ ಕಾಡಿಗೆ, ಮಗುವಿನ ಮುಖಕ್ಕೆ ಸಾಂಬ್ರಾಣಿ ಹೊಗೆ, ಇವಕ್ಕೆ ಮಾತ್ರ ಗಟ್ಟಿಯಾಗಿ ಬೇಡ ಅನ್ನಿ. ಒಂದು ವರ್ಷ ತುಂಬುವವರೆಗೆ ಜೇನು ಕೊಡಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಮಗುವಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಹುದು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ, ಬಜೆಯೂ ಬೇಡ. ದೃಷ್ಟಿಯ ಚಿಂತೆಯಿದ್ದರೆ ಅತ್ತೆ ಅಂಗಾಲಿಗೆ ಬೊಟ್ಟಿಡಲಿ. ಸಾಂಬ್ರಾಣಿಯನ್ನು ಮಗು ಜಗಲಿಯಲ್ಲಿರುವಾಗ ಖಾಲಿ ಕೋಣೆಗೆ ಹಾಕಿ, ಹೊಗೆ ಹೋದ ಮೇಲೆ ಮಗುವನ್ನು ಒಳಗೆ ತರಲಿ. ಈ ಮಾತು ನಿಮ್ಮ ಬಾಯಲ್ಲಿ ಬಂದರೆ ‘ಮೊಬೈಲ್ ನೋಡಿ ಕಲಿತದ್ದು’ ಆಗುತ್ತದೆ. ಹತ್ತನೇ ವಾರದ ಲಸಿಕೆ ಹತ್ತಿರದಲ್ಲೇ ಇದೆಯಲ್ಲ, ತಾಯಿ ಕಾರ್ಡಿನ ಜೊತೆ ಅತ್ತೆಯನ್ನೂ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಹೇಳಿಸಿ.

ಈಗ ನಿಮ್ಮ ಯಜಮಾನರ ವಿಷಯ. ಓಡಾಟದ ದಣಿವು ಸುಳ್ಳಲ್ಲ, ಆದರೆ ಮಗು ಇಬ್ಬರದೂ. ರಾತ್ರಿ ಒಂಬತ್ತರಿಂದ ಹನ್ನೆರಡೂವರೆವರೆಗೆ ಮಗು ಅವರ ಪಾಲಿಗಿರಲಿ. ಎಂಟೂವರೆಗೆ ಹಾಲು ಹಿಂಡಿಟ್ಟು ನೀವು ಬೇರೆ ಕೋಣೆಯಲ್ಲಿ ಮಲಗಿ. ಮಲೆನಾಡಿನ ಮಳೆಗಾಲದ ತಂಪಿಗೆ ಅದು ನಾಲ್ಕು ಗಂಟೆ ಹಾಳಾಗುವುದಿಲ್ಲ. ಕುದಿಸಿದ ಒಳಲೆಯಲ್ಲಿ ನಿಧಾನ ಕುಡಿಸಿ, ತೇಗಿಸಿ, ಅಂಗಾತ ಮಲಗಿಸಲು ಯಾವ ಗಂಡಸಿಗೂ ಬರುತ್ತದೆ. ನಾಮಕರಣಕ್ಕೆ ಬಂದ ದುಡ್ಡಿದ್ದರೆ ಬೆಳ್ಳಿ ಗೆಜ್ಜೆ ಆಮೇಲೆ ಕೊಳ್ಳಬಹುದು. ಮಳೆ ಮುಗಿಯುವ ತನಕ ಊರಲ್ಲೇ ಯಾರನ್ನಾದರೂ ದಿನಕ್ಕೆ ಒಂದು ಹೊತ್ತು ಬಟ್ಟೆ ಒಗೆಯಲು ಹೇಳಿ. ಅತ್ತೆಗೂ ಉಸಿರು ಬರುತ್ತದೆ.

ನಿಮ್ಮ ಯಜಮಾನರಿಂದ ಇನ್ನೊಂದು ಕೆಲಸ ಆಗಬೇಕು. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ, ಹಾಲು ಬಿಟ್ಟರೆ, ಏದುಸಿರು ಬಿಟ್ಟರೆ ಬೆಳಗಾಗಲಿ ಅಂತ ಕಾಯುವಂತಿಲ್ಲ. ಮರ ಬಿದ್ದು ಕರೆಂಟು ಹೋದರೆ ಎಷ್ಟೋ ಊರಲ್ಲಿ ನೆಟ್‌ವರ್ಕೂ ಹೋಗುತ್ತದೆ, 108ಕ್ಕೆ ಫೋನ್ ಹತ್ತುವುದೂ ಕಷ್ಟ. ಊರಲ್ಲಿ ಯಾರ ಜೀಪು ಕೇಳಬಹುದು ಅಂತ ಈಗಲೇ ಮಾತಾಡಿಟ್ಟಿರಲಿ.

ನಿಮ್ಮ ಅಳುವಿಗೆ ಬರುತ್ತೇನೆ. ಹೆರಿಗೆಯಾದ ಮೊದಲೆರಡು ವಾರ ಸುಮ್ಮಸುಮ್ಮನೆ ಅಳು ಬರುವುದು ಬಹಳ ಜನಕ್ಕೆ ಇದ್ದದ್ದೇ. ಎರಡು ತಿಂಗಳಾದರೂ ದಿನಾ ಅಳುತ್ತಿದ್ದೀರಿ ಅಂದರೆ ನಾನು ಅದನ್ನು ಬರೀ ನಿದ್ದೆಗೇಡು ಅಂತ ತಳ್ಳಿಹಾಕಲಾರೆ. ಮಗು ಮಲಗಿದಾಗಲೂ ನಿದ್ದೆ ಹತ್ತುವುದಿಲ್ಲವೇ? ಮಗುವನ್ನು ನೋಡಿದರೆ ಏನೂ ಅನಿಸುವುದಿಲ್ಲವೇ? ಹೌದಾದರೆ ಲಸಿಕೆಯ ದಿನವೇ ಡಾಕ್ಟರಿಗೆ ಹೇಳಿ, ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಮದ್ದುಗಳಿವೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ನಿಮಗಾಗಲಿ ಮಗುವಿಗಾಗಲಿ ಏನಾದರೂ ಮಾಡಿಬಿಡಬೇಕು ಅಂತ ಒಮ್ಮೆ ಅನಿಸಿದರೂ ಲಸಿಕೆಯ ದಿನದವರೆಗೆ ಕಾಯಬೇಡಿ, ಒಬ್ಬರೇ ಇರಬೇಡಿ. ಆಗಲೇ ಗಂಡನಿಗೆ ಹೇಳಿ, ಅವತ್ತೇ ಆಸ್ಪತ್ರೆಗೆ ಹೋಗಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಈ ಪತ್ರವನ್ನು ನಿಮ್ಮ ಯಜಮಾನರಿಗೆ ಓದಲು ಕೊಡಿ. ಬಚ್ಚಲಿನ ವಿಷಯ ಅವರಿಗೆ ಗೊತ್ತೇ ಇರಲಿಕ್ಕಿಲ್ಲ.