ಅಗ್ಗದ ಚಾರ್ಜಿಂಗ್ ಕೇಬಲ್ ಕೊಳ್ಳಬಹುದೇ?

ಅಗ್ಗದ ಚಾರ್ಜಿಂಗ್ ಕೇಬಲ್ ಕೊಳ್ಳಬಹುದೇ ಎಂಬ ಪ್ರಶ್ನೆಯಲ್ಲಿ ಎರಡು ಮಾತಿದೆ. ಅಗ್ಗದ ಕೇಬಲ್‌ನಿಂದ ಫೋನ್ ಕೆಡುತ್ತದೆಯೇ ಎನ್ನುವುದು ಒಂದು. ಚಾರ್ಜರ್ ಅದೇ ಇದ್ದರೂ ಕೇಬಲ್ ಬದಲಿಸಿದಾಗ ವೇಗ ಏಕೆ ಬದಲಾಗುತ್ತದೆ ಎನ್ನುವುದು ಇನ್ನೊಂದು. ಎರಡನೆಯದು ಅರ್ಥವಾದರೆ ಮೊದಲನೆಯದು ಮುಕ್ಕಾಲು ಪಾಲು ತಾನಾಗಿ ಬಗೆಹರಿಯುತ್ತದೆ, ಅಲ್ಲಿಂದಲೇ ಶುರು ಮಾಡುತ್ತೇನೆ.

ಕೇಬಲ್ ಒಳಗೆ ವಿದ್ಯುತ್ತಿಗೆ ಹೋಗಲು ಒಂದು ತಂತಿ, ಮರಳಲು ಒಂದು ತಂತಿ. ಇವುಗಳ ದಪ್ಪವನ್ನು ಗೇಜ್ ಸಂಖ್ಯೆಯಲ್ಲಿ ಹೇಳುತ್ತಾರೆ. ಸಂಖ್ಯೆ ಏರಿದಷ್ಟೂ ತಂತಿ ತೆಳ್ಳಗಾಗುತ್ತದೆ. 28 ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೋಧ. ಒಂದು ಮೀಟರ್ ಕೇಬಲ್ ಎಂದರೆ ಹೋಗಿಬರುವ ದಾರಿ ಎರಡು ಮೀಟರ್, ಹಾಗಾಗಿ 0.42 ಓಮ್. ಅದರಲ್ಲಿ 2 ಆಂಪ್ ಹರಿದರೆ ಸುಮಾರು 0.85 ವೋಲ್ಟ್ ದಾರಿಯಲ್ಲೇ ಕರಗಿಹೋಗುತ್ತದೆ. ಚಾರ್ಜರ್ 5 ವೋಲ್ಟ್ ಕೊಟ್ಟರೂ ಫೋನಿಗೆ ಮುಟ್ಟುವುದು 4.15. ಅದೇ ಉದ್ದಕ್ಕೆ 24 ಗೇಜ್ ತಂತಿ ಇದ್ದರೆ ನಷ್ಟ 0.34 ವೋಲ್ಟ್, 20 ಗೇಜ್ ಆದರೆ 0.13. ವೋಲ್ಟೇಜ್ ಕುಸಿಯುತ್ತಿದೆ ಎಂದು ಕಂಡ ಕೂಡಲೇ ಫೋನಿನ ಚಾರ್ಜಿಂಗ್ ಚಿಪ್ ಕರೆಂಟನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅಂದರೆ ತೆಳು ತಂತಿಯಿಂದ ಫೋನ್ ಕೆಡುವುದಿಲ್ಲ, ಚಾರ್ಜ್ ಆಗುವುದು ತಡವಾಗುತ್ತದೆ, ಅಷ್ಟೆ.

ಇಲ್ಲಿ ಬೆಲೆಗಿಂತ ಉದ್ದ ಮುಖ್ಯ ಎನ್ನುವುದನ್ನು ಗಮನಿಸಿ. 30 ಸೆಂಟಿಮೀಟರಿನ ಅಗ್ಗದ ಕೇಬಲ್, 2 ಮೀಟರಿನ ದುಬಾರಿ ಕೇಬಲ್‌ಗಿಂತ ಚೆನ್ನಾಗಿ ಕೆಲಸ ಮಾಡಬಹುದು. ಮೇಲಿನ ನೈಲಾನ್ ಹೆಣಿಗೆಗೂ ಇದಕ್ಕೂ ಸಂಬಂಧವೇ ಇಲ್ಲ. ಮೇಲೆ ಥಳುಕು ಒಳಗೆ ಹುಳುಕು ಎನ್ನುವುದು ಕೇಬಲ್‌ಗಳ ಮಟ್ಟಿಗೆ ಅಕ್ಷರಶಃ ನಿಜ: ದಪ್ಪ ಹೊದಿಕೆಯೊಳಗೆ ಕೂದಲಿನಂಥ ಎಳೆಗಳಿರಬಹುದು. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಎಳೆ ಹಾಕಿ ತಾಮ್ರವೆಂದು ಮಾರುವವರೂ ಇದ್ದಾರೆ. ಅಲ್ಯೂಮಿನಿಯಂನ ರೋಧ ತಾಮ್ರದ ಒಂದೂವರೆ ಪಟ್ಟಿಗೂ ಹೆಚ್ಚು; ಪದೇ ಪದೇ ಮಡಚಿದರೆ ಬೇಗ ಮುರಿಯುತ್ತದೆ ಕೂಡ.

ಕೊಳ್ಳುವಾಗ ಹೊದಿಕೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. '28ಎಡಬ್ಲ್ಯುಜಿ/1ಪಿ + 24ಎಡಬ್ಲ್ಯುಜಿ/2ಸಿ' ಎಂಬ ರೀತಿಯ ಬರಹವಿದ್ದರೆ, ಡೇಟಾ ಜೋಡಿ 28 ಗೇಜ್, ವಿದ್ಯುತ್ತಿನ ಎರಡು ತಂತಿ 24 ಗೇಜ್ ಎಂದರ್ಥ. ನೋಡಬೇಕಾದದ್ದು ಎರಡನೆಯ ಸಂಖ್ಯೆ. ಎರಡೂ ಕಡೆ 28 ಇದ್ದರೆ ಅದು ಇಯರ್‌ಬಡ್‌ಗೆ, ಸಣ್ಣ ದೀಪಕ್ಕೆ ಸಾಕು. ಫೋನಿನ ವೇಗದ ಚಾರ್ಜಿಂಗ್‌ಗೆ ನಾನು ಅದನ್ನು ಹೇಳುವುದಿಲ್ಲ.

ವೇಗದ ಚಾರ್ಜಿಂಗ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚಾರ್ಜರ್ ಮತ್ತು ಫೋನ್ ಮೊದಲು ಮಾತಾಡಿಕೊಂಡು 9 ವೋಲ್ಟ್ ಅಥವಾ ಅದಕ್ಕೂ ಮೇಲಕ್ಕೆ ಹೋಗುತ್ತವೆ. ಈ ಮಾತುಕತೆ ಹಳೆಯ ಚೌಕ ಪಿನ್ನಿನ (ಯುಎಸ್‌ಬಿ-ಎ) ಕೇಬಲ್‌ನಲ್ಲಿ ಡೇಟಾ ತಂತಿಗಳ ಮೇಲೆ, ಎರಡೂ ತುದಿ ಟೈಪ್-ಸಿ ಇದ್ದರೆ ಸಿಸಿ ಎಂಬ ಪ್ರತ್ಯೇಕ ತಂತಿಯ ಮೇಲೆ ನಡೆಯುತ್ತದೆ. ಚೌಕ ಪಿನ್ನಿನ ಅಗ್ಗದ ಕೇಬಲ್‌ನಲ್ಲಿ ಡೇಟಾ ತಂತಿಗಳನ್ನೇ ಬಿಟ್ಟಿದ್ದರೆ ಮಾತುಕತೆಯೇ ಇಲ್ಲ, ಫೋನ್ 5 ವೋಲ್ಟಿನಲ್ಲೇ ಉಳಿಯುತ್ತದೆ. ಒಪ್ಪೋ ಫೋನ್‌ಗಳ ವೂಕ್‌ನಂಥ ವೇಗದ ಚಾರ್ಜಿಂಗ್ ಪದ್ಧತಿಗಳಿಗೆ ಅವುಗಳಿಗೆಂದೇ ಮಾಡಿದ ಕೇಬಲ್ ಬೇಕು. ಬೇರೆಯದರಲ್ಲಿ ಪೂರ್ತಿ ವೇಗ ನಿರೀಕ್ಷಿಸಬೇಡಿ.

ಇನ್ನು ನಿಜವಾದ ಅಪಾಯ. ಒಂದು ತುದಿ ಚೌಕ, ಇನ್ನೊಂದು ತುದಿ ಟೈಪ್-ಸಿ ಇರುವ ಕೇಬಲ್‌ನಲ್ಲಿ 56 ಕಿಲೋಓಮ್‌ನ ಒಂದು ಪುಟ್ಟ ರೆಸಿಸ್ಟರ್ ಇರಬೇಕು. ಅದರ ಬದಲು 10 ಕಿಲೋಓಮ್ ಹಾಕಿದ್ದರೆ, ಎದುರಿಗೆ 3 ಆಂಪ್ ಸಿಗುತ್ತದೆ ಎಂದು ಫೋನ್ ನಂಬಿಬಿಡುತ್ತದೆ. ಆಗ 0.5 ಆಂಪ್‌ಗೆಂದು ಮಾಡಿದ ಹಳೆಯ ಲ್ಯಾಪ್‌ಟಾಪ್ ಪೋರ್ಟಿನಿಂದಲೂ ಅಷ್ಟನ್ನೇ ಎಳೆಯಲು ಹೋಗುತ್ತದೆ. ಪೆಟ್ಟು ಬೀಳುವುದು ಫೋನಿಗಲ್ಲ, ಕರೆಂಟ್ ಕೊಡುವ ಕಡೆಗೆ. ಗೂಗಲ್ ಎಂಜಿನಿಯರ್ ಬೆನ್ಸನ್ ಲೆಯುಂಗ್ 2015ರಲ್ಲಿ ಅಮೆಜಾನ್‌ನಲ್ಲಿ ಸಿಗುತ್ತಿದ್ದ ಕೇಬಲ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ ಈ ದೋಷವನ್ನು ಎಲ್ಲರ ಗಮನಕ್ಕೆ ತಂದರು. 2016ರಲ್ಲಿ, ವಿದ್ಯುತ್ ತಂತಿ ಅದಲುಬದಲಾಗಿದ್ದ ಒಂದು ಕೇಬಲ್ ಅವರ ಲ್ಯಾಪ್‌ಟಾಪನ್ನೇ ಕೆಡಿಸಿತು. ಅದಕ್ಕೇ ಈ ಬಗೆಯ ಕೇಬಲ್‌ನಲ್ಲಿ ಹೆಸರಿಲ್ಲದ ಮಾಲು ಬೇಡವೇ ಬೇಡ ಎನ್ನುತ್ತೇನೆ.

ಲ್ಯಾಪ್‌ಟಾಪ್‌ಗೂ ಅದೇ ಮಾತು. ಎರಡೂ ತುದಿ ಟೈಪ್-ಸಿ ಇರುವ ಸಾಮಾನ್ಯ ಕೇಬಲ್‌ನ ಮಿತಿ 3 ಆಂಪ್, ಅಂದರೆ 20 ವೋಲ್ಟಿನಲ್ಲಿ 60 ವ್ಯಾಟ್. 5 ಆಂಪ್ ಹರಿಯಬೇಕಾದರೆ ಪಿನ್ನಿನೊಳಗೆ ಇ-ಮಾರ್ಕರ್ ಎಂಬ ಚಿಪ್ ಇರಲೇಬೇಕು. ಈಗ ಅಂಥವುಗಳ ಮೇಲೆ 240 ವ್ಯಾಟ್ ಎಂದು ನಮೂದಿಸಿರುತ್ತಾರೆ.

ಬಿಸಿಯ ವಿಷಯ: ಕೇಬಲ್ ಉದ್ದಕ್ಕೂ ತುಸು ಬೆಚ್ಚಗಾದರೆ ಚಿಂತೆಯಿಲ್ಲ. ಪಿನ್ ಮಾತ್ರ ಸುಡುತ್ತಿದ್ದರೆ ಅಂದೇ ಬಿಸಾಡಿ. ಸಡಿಲವಾದ ಸ್ಪರ್ಶದಲ್ಲಿ 0.2 ಓಮ್ ರೋಧವಿದ್ದು 3 ಆಂಪ್ ಹರಿದರೆ, ಉಗುರಿನ ತುದಿಯಷ್ಟು ಜಾಗದಲ್ಲಿ 1.8 ವ್ಯಾಟ್ ಶಾಖ ಹುಟ್ಟುತ್ತದೆ. ಪ್ಲಾಸ್ಟಿಕ್ ಕರಗುವುದು ಹೀಗೆ.

ಡೇಟಾ ಬೇಕಿದ್ದರೆ, ಅಗ್ಗದ ಟೈಪ್-ಸಿ ಕೇಬಲ್‌ಗಳಲ್ಲಿ ಬಹುಪಾಲು ಯುಎಸ್‌ಬಿ 2.0, ಅಂದರೆ 480 ಮೆಗಾಬಿಟ್. ಫೈಲ್ ನಕಲಿಸುವಾಗ ಸೆಕೆಂಡಿಗೆ 35ರಿಂದ 40 ಮೆಗಾಬೈಟ್ ಸಿಗುತ್ತದೆ. ಫೋಟೋಗಳಿಗೆ ಸಾಕು, ಹೊರಗಿನ ಎಸ್‌ಎಸ್‌ಡಿಗೆ (ವೇಗದ ಶೇಖರಣಾ ಡ್ರೈವ್‌ಗೆ) ಸಾಲದು.

ಮನೆಯಲ್ಲಿರುವ ಕೇಬಲ್‌ಗಳನ್ನು ನೀವೇ ಪರೀಕ್ಷಿಸಬಹುದು. ವೋಲ್ಟ್, ಆಂಪ್ ತೋರಿಸುವ ಒಂದು ಸಣ್ಣ ಯುಎಸ್‌ಬಿ ಮೀಟರ್ ಸಾಕು. ಬ್ಯಾಟರಿ 20ರಿಂದ 50 ಶೇಕಡಾ ನಡುವೆ ಇರಲಿ, ಆಗ ಫೋನ್ ಹೆಚ್ಚು ಕರೆಂಟ್ ಎಳೆಯುತ್ತದೆ. ಮೀಟರನ್ನು ಮೊದಲು ಚಾರ್ಜರ್ ತುದಿಯಲ್ಲಿ, ಆಮೇಲೆ ಫೋನ್ ತುದಿಯಲ್ಲಿ ಸಿಕ್ಕಿಸಿ ವೋಲ್ಟ್ ಬರೆದುಕೊಳ್ಳಿ. ಎರಡು ಸಲವೂ ಕರೆಂಟ್ ಹೆಚ್ಚುಕಡಿಮೆ ಒಂದೇ ಇರಬೇಕು. ವೋಲ್ಟ್‌ಗಳ ವ್ಯತ್ಯಾಸವನ್ನು ಆ ಕರೆಂಟಿನಿಂದ ಭಾಗಿಸಿದರೆ ಕೇಬಲ್‌ನ ರೋಧ ಸಿಗುತ್ತದೆ. 0.2 ಓಮ್ ಒಳಗಿದ್ದರೆ ಒಳ್ಳೆಯದು. 0.4 ದಾಟಿದರೆ ರಾತ್ರಿಯಿಡೀ ನಿಧಾನವಾಗಿ ಚಾರ್ಜ್ ಮಾಡಲು ಇಟ್ಟುಕೊಳ್ಳಿ.

ಆದರೆ ಕೇಬಲ್ ಮೇಲೆ ತಪ್ಪು ಹೊರಿಸುವ ಮುನ್ನ ಫೋನಿನ ಪೋರ್ಟ್ ನೋಡಿ. ಜೇಬಿನ ನೂಲುಧೂಳು ತಳದಲ್ಲಿ ಗಟ್ಟಿಯಾಗಿ ಕೂತು ಪಿನ್ ಪೂರ್ತಿ ಒಳಗೆ ಹೋಗದಿರುವುದು ಬಹಳ ಸಾಮಾನ್ಯ. ಫೋನ್ ಆಫ್ ಮಾಡಿ ಮರದ ಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆಯಿರಿ, ಸೂಜಿ ಬೇಡ. ಆಮೇಲೂ ಸಡಿಲವಿದ್ದರೆ ಹೊಸ ಕೇಬಲ್ ಹಾಕಿ ನೋಡಿ. ಟೈಪ್-ಸಿಯಲ್ಲಿ ಹಿಡಿದಿಡುವ ಸ್ಪ್ರಿಂಗ್‌ಗಳು ಕೇಬಲ್‌ನ ಪಿನ್ನಿನಲ್ಲೇ ಇರುವುದರಿಂದ ಮೊದಲು ಸವೆಯುವುದು ಅದೇ.

ಡೇಟಾ ತಂತಿಯಿಲ್ಲದ ಕೇಬಲ್ ಕೈಗೆ ಸಿಕ್ಕರೆ ಎಸೆಯಬೇಡಿ, ಬಣ್ಣದ ಟೇಪ್ ಸುತ್ತಿ ಗುರುತು ಮಾಡಿ. ಗೊತ್ತಿಲ್ಲದ ಸಾರ್ವಜನಿಕ ಪೋರ್ಟಿಗೆ ಫೋನ್ ಸಿಕ್ಕಿಸಬೇಕಾದಾಗ ಅದೇ ಸುರಕ್ಷಿತ: ಡೇಟಾ ಹರಿಯಲು ಅದರಲ್ಲಿ ದಾರಿಯೇ ಇಲ್ಲ.