ಬಿಳಿ ಮುಟ್ಟಿಗೆ ಗರ್ಭಚೀಲ ತೆಗೆಸಬೇಡಿ

ಪ್ರಶ್ನೆ: ನನಗೆ 36 ವರ್ಷ, ಇಬ್ಬರು ಮಕ್ಕಳು. ಬಿಳಿ ಮುಟ್ಟು ಹೋಗುತ್ತದೆ, ಸೊಂಟ ನೋವು. ಡಾಕ್ಟರು ಸ್ಕ್ಯಾನಿಂಗ್ ಮಾಡಿ, ‘ಗರ್ಭಚೀಲದ ಬಾಯಿ ಹುಣ್ಣಾಗಿದೆ, ತೆಗೆಸಿಬಿಡಿ, ಇಲ್ಲದಿದ್ದರೆ ಕ್ಯಾನ್ಸರ್ ಆಗುತ್ತದೆ’ ಎಂದರು. ತೆಗೆಸಲಾ?
– ಬ್ಯಾಡಗಿ ಹತ್ತಿರದ ಓದುಗರು

ಉತ್ತರ: ತೆಗೆಸಬೇಡಿ ತಂಗಿ. ಹಾವೇರಿ, ಗದಗ ಕಡೆಯಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ನನಗೆ ಸಿಟ್ಟು ಬರುತ್ತದೆ. ನಿಮ್ಮ ಮೇಲಲ್ಲ. ಕ್ಯಾನ್ಸರ್ ಎಂದು ಹೆದರಿಸಿ ಆಪರೇಷನ್ ಟೇಬಲ್ ಹತ್ತಿಸುವವರ ಮೇಲೆ.

ಆ ಡಾಕ್ಟರು ಗರ್ಭಚೀಲದ ಬಾಯಿಯನ್ನು ಕಣ್ಣಾರೆ ನೋಡಿದರಾ? ಹೊಟ್ಟೆಯ ಮೇಲೆ ಮಾಡುವ ಸ್ಕ್ಯಾನಿಂಗ್‌ನಲ್ಲಿ ಆ ಹುಣ್ಣು ಕಾಣುವುದಿಲ್ಲ. ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆಯೂ ಕಾಣುವುದಿಲ್ಲ. ಬಿಳಿ ಮುಟ್ಟು ಬಹಳ ಸಲ ಬರೀ ಸೋಂಕು, ಗುಳಿಗೆಯಲ್ಲೇ ವಾಸಿಯಾಗುತ್ತದೆ. ಬಾಯಿ ಕೆಂಪಗಿದ್ದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ.

ಈ ಕ್ಯಾನ್ಸರ್ ಬರುವುದು ಎಚ್‌ಪಿವಿ ವೈರಸ್‌ನಿಂದ. ಸಂಸಾರ ಮಾಡಿದ ಹೆಚ್ಚಿನವರಿಗೆ ಅದು ಯಾವಾಗಲಾದರೂ ತಗಲಿರುತ್ತದೆ. ಬಹುಪಾಲು ಜನರಲ್ಲಿ ಎರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಹೋಗದೆ ಉಳಿದರೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಬೇಕು. ಹಾಗಿರುವಾಗ ನಾಳೆಯೇ ಅಡ್ಮಿಟ್ ಆಗಿ ಅನ್ನುವ ಅವಸರ ಯಾಕೆ?

ಹಾವೇರಿ ಜಿಲ್ಲಾ ಆಸ್ಪತ್ರೆಗೋ ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಸರ್ಕಾರಿ ಆಸ್ಪತ್ರೆಗೋ ಹೋಗಿ ವಿಐಎ ಪರೀಕ್ಷೆ ಕೇಳಿ. ತೆಳು ಅಸಿಟಿಕ್ ಆಮ್ಲವನ್ನು ಗರ್ಭಚೀಲದ ಬಾಯಿಗೆ ಹಚ್ಚಿ ಒಂದು ನಿಮಿಷ ಬಿಟ್ಟು ನೋಡುತ್ತಾರೆ, ಅಷ್ಟೇ. ಪ್ಯಾಪ್ (ಬಾಯಿಯ ಕೋಶಗಳನ್ನು ಸವರಿ ತೆಗೆದು ನೋಡುವುದು) ಅಥವಾ ಎಚ್‌ಪಿವಿ ಪರೀಕ್ಷೆ ಸಿಕ್ಕರೂ ಆಯಿತು. ಬಿಳಿ ಮಚ್ಚೆ ಕಂಡರೆ ಅದೂ ಕ್ಯಾನ್ಸರ್ ಅಂತಲ್ಲ. ಬೇಕೆನಿಸಿದರೆ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಮುಂಚಿನ ಹಂತದಲ್ಲೇ ಸಿಕ್ಕರೆ ಕೆಟ್ಟ ಭಾಗವನ್ನಷ್ಟೇ ಸುಟ್ಟೋ ಕತ್ತರಿಸಿಯೋ ತೆಗೆಯಬಹುದು, ಚೀಲ ಉಳಿಯುತ್ತದೆ.

ನಿಜವಾಗಿ ಕ್ಯಾನ್ಸರ್ ಇದ್ದರಂತೂ ಬಯಾಪ್ಸಿ ಇಲ್ಲದೆ ಚೀಲ ತೆಗೆಯುವುದು ಇನ್ನೂ ದೊಡ್ಡ ತಪ್ಪು. ಅದಕ್ಕೆ ಮಾಡುವ ಆಪರೇಷನ್ನೇ ಬೇರೆ. ರೋಗ ಹರಡಿದ್ದರೆ ಆಪರೇಷನ್ ಅಲ್ಲ, ರೇಡಿಯೇಷನ್ ಬೇಕು. ಅರ್ಧಂಬರ್ಧ ಆಪರೇಷನ್ ಆಗಿ ಬಂದವರಿಗೆ ಮುಂದಿನ ಚಿಕಿತ್ಸೆ ಕಷ್ಟವಾಗುತ್ತದೆ. ಇನ್ನು ಚೀಲದ ಜೊತೆ ಅಂಡಾಶಯವನ್ನೂ ತೆಗೆದರೆ 36ಕ್ಕೇ ಮುಟ್ಟು ನಿಂತ ಹಾಗೆ. ಮೈ ಬಿಸಿಯೇರುತ್ತದೆ, ನಿದ್ದೆ ಕೆಡುತ್ತದೆ, ಎಲುಬು ಸವೆಯುತ್ತವೆ. ಹೊಲದಲ್ಲಿ ದುಡಿಯುವ ಹೆಂಗಸರಿಗೆ ಇದು ಸಣ್ಣ ಮಾತಾ?

ಗಂಡನ ಜೊತೆ ಸೇರಿದ ಮೇಲೆ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ರಕ್ತ ಬೆರೆತ ನಾರುವ ಬಿಳಿ ಮುಟ್ಟು, ಇವುಗಳಲ್ಲಿ ಒಂದಿದ್ದರೂ ಈ ವಾರವೇ ತೋರಿಸಿ. ಆಗಲೂ ಮೊದಲು ಪರೀಕ್ಷೆ. ರಿಪೋರ್ಟ್ ಕೈಗೆ ಬರದೆ ಸಹಿ ಹಾಕಬೇಡಿ.

ಪ್ರಶ್ನೆ: ಮಗಳಿಗೆ 12. ಎಚ್‌ಪಿವಿ ಲಸಿಕೆ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲವಂತೆ? – ನವಲಗುಂದ

ಉತ್ತರ: ಶುದ್ಧ ಸುಳ್ಳು. ಹಾಕಿಸಿ. ಈ ವಯಸ್ಸಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. ಒಂದು ಡೋಸ್ ಕೂಡ ಚೆನ್ನಾಗಿ ಕಾಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ. ಎರಡಕ್ಕೂ ದುಡ್ಡಿಲ್ಲ ಅಂತ ಮೊದಲನೆಯದನ್ನು ಬಿಡಬೇಡಿ. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ ಲಸಿಕೆ ಬಂದ ಮೇಲೆ ಬೆಲೆ ಇಳಿದಿದೆ. ಲಸಿಕೆ ಆಗಿದೆ ಅಂತ ಅವಳು 30 ದಾಟಿದ ಮೇಲೆ ಪರೀಕ್ಷೆ ತಪ್ಪಿಸುವ ಹಾಗಿಲ್ಲ.

ಪ್ರಶ್ನೆ: ನಾಟಿ ವೈದ್ಯರು ಬೇರಿನ ಪುಡಿ ಗಂಟು ಕಟ್ಟಿ ಒಳಗೆ ಇಡಲು ಕೊಟ್ಟಿದ್ದಾರೆ. – ರೋಣ

ಉತ್ತರ: ಇಟ್ಟಿದ್ದರೆ ಇವತ್ತೇ ತೆಗೆಸಿ. ಮತ್ತೆ ಆ ಮನೆಗೆ ಹೋಗಬೇಡಿ.

ಪ್ರಶ್ನೆ: ನನಗೆ 55. ಯಜಮಾನರು ತೀರಿಕೊಂಡು ಬಹಳ ವರ್ಷ ಆಯಿತು. ನನಗೂ ಪರೀಕ್ಷೆ ಬೇಕಾ? – ಧಾರವಾಡ

ಉತ್ತರ: ಬೇಕು ಅಕ್ಕಾ. ವೈರಸ್ ಹಳೆಯದಿರಬಹುದು. ಮುಟ್ಟು ನಿಂತವರಲ್ಲಿ ವಿಐಎ ಸರಿಯಾಗಿ ತೋರಿಸುವುದಿಲ್ಲ, ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆಯನ್ನೇ ಕೇಳಿ.